ಬಿಳಿ ಟೋಪಿಯವರು ಮತ್ತು ನೆಲದ ಕೆಳಗಿನ ಮಂದಿ



ಶಹಾಬಾದ ಅಂದರೆ ಹೊರಗಿನವರಿಗೆ ಊರಿಗಿಂತ ಮೊದಲು ಕಲ್ಲು ನೆನಪಾಗುತ್ತದೆ. ನಾವು ಫರ್ಸಿ ಅನ್ನುವ ಹಾಸುಗಲ್ಲು. ರೈಲು ನಿಲ್ದಾಣದ ಕಟ್ಟೆ, ಸರ್ಕಾರಿ ಸಾಲಿಯ ವರಾಂಡ, ತಹಶೀಲ ಕಚೇರಿಯ ನೆಲ, ಗೌಡರ ವಾಡೆಯ ಪಡಸಾಲೆ, ಗುಡಿಯ ಅಂಗಳ ಎಲ್ಲ ಕಡೆ ಈ ಕಲ್ಲು ಬಿದ್ದುಕೊಂಡಿದೆ. ಎಲ್ಲರೂ ಅದರ ಮೇಲೆ ನಿಂತಿದ್ದಾರೆ. ನೆಲದೊಳಗಿಂದ ಪದರು ಪದರಾಗಿ ಇದನ್ನು ಎಬ್ಬಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಾರೆ ಹಾಕಿ ಮೀಟಿದವನು, ಸುತ್ತಿಗೆ ಹಿಡಿದು ಅಂಚು ಕಡಿದವನು, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಚೂರು ಹೊತ್ತವಳು ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗುಡಿಯ ಅಂಗಳಕ್ಕೆ ಕಲ್ಲು ಕೊಟ್ಟವನನ್ನು ಅದೇ ಅಂಗಳಕ್ಕೆ ಬಿಟ್ಟುಕೊಳ್ಳದ ಊರುಗಳು ಎಷ್ಟಿದ್ದವು, ಎಷ್ಟಿವೆ ಎಂಬುದು ನಿಮಗೆ ಗೊತ್ತೇ ಇದೆ.

ಮೇಲೆ ನಿಂತವರ ಇತಿಹಾಸ ಬೇಕಾದಷ್ಟು ಬರೆಯಲ್ಪಟ್ಟಿದೆ. ನೆಲದ ಕೆಳಗಿನವರ ಇತಿಹಾಸವನ್ನು ಹುಡುಕಬೇಕಾದರೆ ನಾವು ವಿಚಿತ್ರವಾದ ಜಾಗಗಳಿಗೆ ಹೋಗಬೇಕಾಗುತ್ತದೆ. ಈ ಸಲ ನಾನು ಒಂದು ಮಕ್ಕಳ ಗೊಂಬೆ ಸಿನಿಮಾದ ಹತ್ತಿರ ಹೋಗುತ್ತಿದ್ದೇನೆ. ನಗಬೇಡಿ. ಮಕ್ಕಳಿಗಾಗಿ ಮಾಡಿದ್ದು ಅಂತ ಹಗುರ ಮಾಡುವ ಚಾಳಿ ಪಂಡಿತರದ್ದು. ಪಂಚತಂತ್ರದ ನರಿ, ಸಿಂಹಗಳು ರಾಜನೀತಿ ಹೇಳಿದರೆ ಅದು ಶಾಸ್ತ್ರ, ಗೊಂಬೆಗಳು ಅಸಮಾನತೆಯ ಮಾತು ಎತ್ತಿದರೆ ಅದು ಮಕ್ಕಳಾಟ! ಈ ಲೆಕ್ಕವನ್ನು ನಾವು ಒಪ್ಪಬೇಕಿಲ್ಲ.

ಸಿನಿಮಾದ ಹೆಸರು 'ದಿ ಬಾಕ್ಸ್‌ಟ್ರೋಲ್ಸ್'. 2014ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಲೈಕಾ ಎಂಬ ಸ್ಟುಡಿಯೋ ಇದನ್ನು ತಯಾರಿಸಿತು. ಗ್ರಹಾಂ ಅನಬಲ್ ಮತ್ತು ಆಂಥನಿ ಸ್ಟಾಕಿ ನಿರ್ದೇಶಕರು. ಅಲನ್ ಸ್ನೋ ಎಂಬ ಇಂಗ್ಲಿಷ್ ಲೇಖಕ 2005ರಲ್ಲಿ ಬರೆದ ಮಕ್ಕಳ ಕಾದಂಬರಿ ಇದಕ್ಕೆ ಆಧಾರ. ಆಸ್ಕರ್ ಪ್ರಶಸ್ತಿಗೂ ನಾಮಕರಣಗೊಂಡಿತ್ತು. ಮನೆಮಂದಿಯೆಲ್ಲ ಕೂತು ನೋಡಬಹುದಾದ ಈ ಚಿತ್ರವನ್ನು ಸ್ಟಾಪ್ ಮೋಷನ್ ಎಂಬ ವಿಧಾನದಲ್ಲಿ ಮಾಡಿದ್ದಾರೆ. ಅಂದರೆ, ನಿಜವಾದ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಅದರ ಕೈಯನ್ನೋ ಕತ್ತನ್ನೋ ಎಳ್ಳಷ್ಟು ಸರಿಸಿ ಒಂದು ಫೋಟೋ ತೆಗೆಯುವುದು. ಮತ್ತೆ ಎಳ್ಳಷ್ಟು ಸರಿಸಿ ಮತ್ತೊಂದು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡಬೇಕು. ಒಂದು ನಿಮಿಷಕ್ಕೆ 1,440. ಒಂದೂವರೆ ಗಂಟೆಗೆ 1,29,600. ಹೊಲದಲ್ಲಿ ಕಳೆ ತೆಗೆದಷ್ಟು, ಖಣಿಯಲ್ಲಿ ಕಲ್ಲು ಕಡಿದಷ್ಟು ತಾಳ್ಮೆಯ ದುಡಿಮೆ ಇದು. ಈ ದುಡಿಮೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕತೆ.

ಚೀಸ್‌ಬ್ರಿಜ್ ಎಂಬ ಗುಡ್ಡದ ಮೇಲಿನ ಊರು. ನಮ್ಮಲ್ಲಿ ತುಪ್ಪ ಹೇಗೋ ಆ ಊರಲ್ಲಿ ಚೀಸ್ ಹಾಗೆ. ಊರಿನ ದೊಡ್ಡ ಮನುಷ್ಯರು ಎತ್ತರದ ಬಿಳಿ ಟೋಪಿ ಹಾಕಿಕೊಂಡು ಒಂದು ಕೋಣೆಯಲ್ಲಿ ಕೂತು ಚೀಸಿನ ರುಚಿ ನೋಡುತ್ತಾರೆ. ಊರಿನ ಆಡಳಿತ ಅಂದರೆ ಇಷ್ಟೇ. ಮಕ್ಕಳ ಆಸ್ಪತ್ರೆಗೆಂದು ಇಟ್ಟ ಹಣದಲ್ಲಿ ಅವರು ದೈತ್ಯಾಕಾರದ ಚೀಸಿನ ಗಾಲಿಯೊಂದನ್ನು ಕೊಳ್ಳುತ್ತಾರೆ. ಇವರ ಯಜಮಾನ ಪೋರ್ಟ್ಲಿ-ರಿಂಡ್. ಇವರ ಕೆಳಗೆ ಕೆಂಪು ಟೋಪಿಯವರು. ರಾತ್ರಿ ಹೊತ್ತು ಬೀದಿ ಸುತ್ತಿ ಬಾಕ್ಸ್‌ಟ್ರೋಲ್‌ಗಳನ್ನು ಹಿಡಿಯುವುದು ಇವರ ಕಸುಬು. ಇವರ ನಾಯಕ ಆರ್ಚಿಬಾಲ್ಡ್ ಸ್ನ್ಯಾಚರ್. ಇವರೆಲ್ಲರ ಕೆಳಗೆ, ಊರಿನ ನೆಲದ ಅಡಿಯಲ್ಲಿ, ಗಟಾರದ ಕತ್ತಲಲ್ಲಿ ಬಾಕ್ಸ್‌ಟ್ರೋಲ್‌ಗಳು. ಮೈಗೆ ಬಟ್ಟೆಯಿಲ್ಲ, ರಟ್ಟಿನ ಪೆಟ್ಟಿಗೆಯೇ ಉಡುಪು. ರಾತ್ರಿ ಮೇಲೆ ಬಂದು ಊರವರು ಬಿಸಾಕಿದ ಸಾಮಾನು ಆರಿಸಿಕೊಂಡು ಹೋಗಿ, ಅದನ್ನೇ ರಿಪೇರಿ ಮಾಡಿ ದೀಪ ಮಾಡುತ್ತವೆ, ಯಂತ್ರ ಮಾಡುತ್ತವೆ. ಯಾರಿಗೂ ಕೇಡು ಮಾಡಿದವಲ್ಲ. ಆದರೆ ಊರಲ್ಲಿ ಹಬ್ಬಿದ ಸುದ್ದಿಯೇ ಬೇರೆ: ಇವು ಕೂಸುಗಳನ್ನು ಹೊತ್ತೊಯ್ದು ತಿನ್ನುವ ರಾಕ್ಷಸರು.

ಈ ಸುದ್ದಿ ಹುಟ್ಟಿಸಿದವನು ಸ್ನ್ಯಾಚರನೇ. ಊರಿನ ಯಂತ್ರಶಿಲ್ಪಿ ಟ್ರಬ್‌ಶಾನನ್ನು ಸೆರೆಹಾಕಿದವನೂ ಅವನೇ. ಆ ಗಲಾಟೆಯಲ್ಲಿ ತಂದೆ ತನ್ನ ಕೂಸನ್ನು ಬಾಕ್ಸ್‌ಟ್ರೋಲ್ ಒಂದರ ಕೈಗೆ ಒಪ್ಪಿಸಿದ. ಅವು ಕೂಸನ್ನು ತಿನ್ನಲಿಲ್ಲ, ಸಾಕಿದವು. ಮೊಟ್ಟೆಯ ಪೆಟ್ಟಿಗೆ ತೊಟ್ಟ ಆ ಹುಡುಗನ ಹೆಸರು ಎಗ್ಸ್. ಹತ್ತು ವರ್ಷದ ಹೊತ್ತಿಗೆ ಅವನು ತಾನೂ ಒಬ್ಬ ಬಾಕ್ಸ್‌ಟ್ರೋಲ್ ಎಂದೇ ನಂಬಿದ್ದಾನೆ. ಯಜಮಾನನ ಮಗಳು ವಿನ್ನಿಯ ಗೆಳೆತನದಿಂದ ಅವನಿಗೆ ನಿಜ ತಿಳಿಯುತ್ತದೆ. ನಿಜವನ್ನು ಊರಿಗೆ ತಿಳಿಸಲು ಅವನು ಮಾಡುವ ಹೋರಾಟವೇ ಉಳಿದ ಕತೆ.

ಈಗ ಟೋಪಿಗಳನ್ನು ನೋಡಿ. ಸ್ನ್ಯಾಚರನಿಗೆ ಬಾಕ್ಸ್‌ಟ್ರೋಲ್‌ಗಳ ಮೇಲೆ ಸ್ವಂತದ ದ್ವೇಷವೇನಿಲ್ಲ. ಅವನಿಗೆ ಬೇಕಾದದ್ದು ಬಿಳಿ ಟೋಪಿ. 'ಕೊನೆಯ ಬಾಕ್ಸ್‌ಟ್ರೋಲನ್ನೂ ಮುಗಿಸುತ್ತೇನೆ, ನನಗೂ ಒಂದು ಬಿಳಿ ಟೋಪಿ ಕೊಡಬೇಕು' ಎಂಬುದು ಅವನ ಕರಾರು. ಯಜಮಾನ ಹೂಂ ಅನ್ನುತ್ತಾನೆ, ಕೊಡುವ ಮನಸ್ಸಿಲ್ಲ. ಕೆಳಗಿನವನ ತಲೆ ಉರುಳಿಸಿ ತಂದರೆ ನಿನಗೆ ಮೇಲೆ ಒಂದು ಮೆಟ್ಟಿಲು! ನಮ್ಮ ಆಡುಮಾತಿನಲ್ಲಿ ಮೋಸಕ್ಕೆ 'ಟೋಪಿ ಹಾಕೋದು' ಅಂತೀವಲ್ಲ, ಕೆಂಪು ಟೋಪಿಯವರ ತಲೆಗೆ ಬಿಳಿ ಟೋಪಿಯವರು ಹಾಕಿದ್ದು ಅದೇ ಟೋಪಿ.

ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದನ್ನು ಇದಕ್ಕಿಂತ ಸರಳವಾಗಿ ಒಂದು ಮಗುವಿಗೆ ಹೇಳಿಕೊಡುವುದು ಕಷ್ಟ. ಮೇಲಿನವನು, ಕೆಳಗಿನವನು ಎಂದು ಎರಡೇ ಇದ್ದಿದ್ದರೆ ಈ ವ್ಯವಸ್ಥೆ ಎಂದೋ ಮುರಿದು ಬೀಳುತ್ತಿತ್ತು. ಪ್ರತಿಯೊಬ್ಬನಿಗೂ ಮೇಲೊಬ್ಬ, ಕೆಳಗೊಬ್ಬ. ಮೇಲಿನವನು ಒದ್ದ ನೋವನ್ನು ಕೆಳಗಿನವನಿಗೆ ಒದ್ದು ಮರೆಯುವುದು. 1936ರ 'ಜಾತಿ ವಿನಾಶ' ಭಾಷಣದಲ್ಲಿ ಅಂಬೇಡ್ಕರರು ಜಾತಿಯು ಕೆಲಸವನ್ನಷ್ಟೇ ಹಂಚಿಲ್ಲ, ಕೆಲಸಗಾರರನ್ನೇ ಹೋಳು ಮಾಡಿ ಒಬ್ಬರ ಮೇಲೊಬ್ಬರನ್ನು ಕೂರಿಸಿದೆ ಎಂದು ವಾದಿಸಿದರು. ಅದೇ 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. ಹುಟ್ಟಿತು. ಶಹಾಬಾದದ ಸಿಮೆಂಟ್ ಕಾರ್ಖಾನೆಯೂ ಅದರಲ್ಲಿ ಸೇರಿತು. ಧಣಿಗಳಿಗೆ ಒಂದಾಗುವುದು ಸಲೀಸು. ಕೂಲಿಗಳು ಒಂದಾಗಲು ಹೋದಾಗ ಮಾತ್ರ ನಡುವೆ ಓಣಿಗಳು ಬರುತ್ತವೆ, ನೀರಿನ ಕೊಡ ಬರುತ್ತದೆ, ಟೋಪಿಯ ಬಣ್ಣ ಬರುತ್ತದೆ.

ಸ್ನ್ಯಾಚರನದು ಇನ್ನೊಂದು ಪಾಡಿದೆ. ಅವನಿಗೆ ಚೀಸ್ ಒಗ್ಗುವುದಿಲ್ಲ. ಒಂದು ಚೂರು ನಾಲಿಗೆಗೆ ತಾಗಿದರೆ ಮೋರೆ ಊದಿ, ಕೈಕಾಲು ಬಾತು ಹೋಗುತ್ತವೆ. ಆದರೂ ತಿನ್ನುತ್ತಾನೆ. ಮೇಲಿನವರ ಊಟ ಉಂಡರೆ ತಾನೂ ಮೇಲಿನವನಾದೇನು ಎಂಬ ಹಂಬಲ. ಮೈಸೂರಿನ ಎಂ.ಎನ್. ಶ್ರೀನಿವಾಸರು 1952ರಲ್ಲಿ ಕೊಡಗರ ಮೇಲಿನ ತಮ್ಮ ಪುಸ್ತಕದಲ್ಲಿ ಸಂಸ್ಕೃತೀಕರಣ ಎಂಬ ಮಾತು ತಂದರು. ಮೇಲ್ಜಾತಿಯ ಊಟ, ಉಡುಗೆ, ಆಚಾರ ಅನುಕರಿಸಿ ಮೇಲೇರುವ ದಾರಿಯದು. ವಿದ್ವಾಂಸರು ಅದನ್ನು ಚಲನೆ ಎಂದು ವರ್ಣಿಸಿದರು. ಆ ಚಲನೆಯಲ್ಲಿ ಮನುಷ್ಯನ ಮೈ ಏನಾಗುತ್ತದೆ, ಮನಸ್ಸು ಏನಾಗುತ್ತದೆ ಎಂಬುದನ್ನು ಈ ಗೊಂಬೆ ತೋರಿಸಿತು. ಅಪ್ಪ ಉಂಡ ಬಾಡನ್ನು ಮುಚ್ಚಿಟ್ಟು, ಅವ್ವನ ಮಾತನ್ನು ಮರೆಮಾಚಿ, ಒಗ್ಗದ ತುಪ್ಪವನ್ನು ಉಂಡು ಒಳಗೊಳಗೇ ಬಾತು ಹೋಗುವ ನಮ್ಮವರನ್ನು ನಾವು ನೋಡಿಲ್ಲವೇ? ಕೊನೆಗೆ ಸ್ನ್ಯಾಚರ್ ಬಿಳಿ ಟೋಪಿ ಕಿತ್ತುಕೊಂಡು ತಲೆಗೇರಿಸುತ್ತಾನೆ. ರುಚಿಯ ಕೋಣೆಯಲ್ಲಿ ಕೂತು ತುಂಡು ಬಾಯಿಗಿಡುತ್ತಾನೆ. ಊದಿ ಊದಿ ಸಿಡಿದು ಹೋಗುತ್ತಾನೆ. ಮಕ್ಕಳು ಇಲ್ಲಿ ನಗುತ್ತವೆ. ನನಗೆ ನಗು ಬರಲಿಲ್ಲ.

ಸ್ನ್ಯಾಚರನಿಗೆ ದನಿ ಕೊಟ್ಟವರು ಬೆನ್ ಕಿಂಗ್ಸ್ಲಿ. ಹುಟ್ಟಿದಾಗಿನ ಹೆಸರು ಕೃಷ್ಣ ಭಾಂಜಿ, ತಂದೆಯ ಮೂಲ ಗುಜರಾತ. 1982ರ 'ಗಾಂಧಿ' ಚಿತ್ರದಲ್ಲಿ ಗಾಂಧಿಯಾಗಿ ಜಗತ್ತಿಗೆ ಪರಿಚಯವಾದವರು. ಅದೇ ಗಂಟಲು ಮೂವತ್ತೆರಡು ವರ್ಷದ ಮೇಲೆ ಬಿಳಿ ಟೋಪಿಗಾಗಿ ಬಾಯಿಬಿಡುವ ಗೊಂಬೆಯ ದನಿಯಾಯಿತು. ಇದರಲ್ಲಿ ಯಾರ ಹುನ್ನಾರವೂ ಇಲ್ಲ. ಆದರೂ ಖಾದಿಯ ಬಿಳಿ ಟೋಪಿಗಳು ನಮ್ಮ ಕೇರಿಗಳಿಗೆ ಎಷ್ಟು ಸಲ ಬಂದು ಹೋದವು ಎಂದು ಲೆಕ್ಕ ಇಟ್ಟವರಿಗೆ ಈ ಯೋಗಾಯೋಗ ಒಂದಿಷ್ಟು ನಗೆ ತರಿಸದೆ ಇರದು.

ಇನ್ನು ಸುಳ್ಳಿನ ಮಾತು. ಚೀಸ್‌ಬ್ರಿಜ್‌ನಲ್ಲಿ ಕೂಸು ಕಳೆದ ದಿನವನ್ನು ಹಬ್ಬವಾಗಿ ಆಚರಿಸುತ್ತಾರೆ. ಸ್ನ್ಯಾಚರನೇ ಹೆಂಗಸಿನ ವೇಷ ಹಾಕಿ ರಂಗದ ಮೇಲೆ ಬಂದು, ಬಾಕ್ಸ್‌ಟ್ರೋಲ್‌ಗಳು ಕೂಸನ್ನು ತಿಂದ ಕತೆಯನ್ನು ಹಾಡಿ ಕುಣಿಯುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅಪರಾಧಿಯೇ ಕವಿ, ಅಪರಾಧಿಯೇ ನಟ! ಸುಳ್ಳು ಒಂದು ಸಲ ಹೇಳಿದರೆ ಸುಳ್ಳು. ವರ್ಷಕ್ಕೊಂದು ಸಲ ಹಾಡು ಕಟ್ಟಿ, ಹಬ್ಬ ಮಾಡಿ ಹೇಳಿದರೆ ಅದು ಪುರಾಣ. ಪುರಾಣಕ್ಕೆ ರುಜುವಾತು ಬೇಕಿಲ್ಲ. ಇಡೀ ಸಿನಿಮಾದಲ್ಲಿ ಇತಿಹಾಸದ ವಿದ್ಯಾರ್ಥಿಗೆ ಬೇಕಾದ ಪಾಠ ಈ ಹಬ್ಬದಲ್ಲಿದೆ.

ಮಹಾತ್ಮ ಜೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ' ಬರೆದು ಪುರಾಣದ ರಾಕ್ಷಸರು ಯಾರು, ಅವರನ್ನು ರಾಕ್ಷಸರು ಎಂದವರು ಯಾರು ಎಂಬ ಪ್ರಶ್ನೆ ಎತ್ತಿದರು. ಬಲಿಯನ್ನು ತುಳಿದವನಿಗೆ ಪೂಜೆ, ತುಳಿಸಿಕೊಂಡ ಬಲಿಗೆ ಪಾತಾಳ. ಪಾತಾಳ ಅಂದರೂ ನೆಲದ ಕೆಳಗಿನ ಜಾಗವೇ ತಾನೆ? ಮಹಿಷನ ಹೆಸರಿನ ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಮಹಿಷ ದಸರಾ ಆಚರಿಸಲು ಮುಂದಾದವರು ಕೇಳಿದ್ದೂ ಇದೇ ಪ್ರಶ್ನೆಯನ್ನು.

ಇದಕ್ಕೆ ಸಾಕ್ಷಿ ಬೇಕೆಂದರೆ ನಾವು ದೂರ ಹೋಗಬೇಕಾಗಿಲ್ಲ. ಶಹಾಬಾದದ ಪಕ್ಕದಲ್ಲೇ ಚಿತ್ತಾಪುರ ಸೀಮೆಯ ಭೀಮಾ ದಂಡೆಯ ಸನ್ನತಿಗೆ ಹೋಗಿ ಬನ್ನಿ. ಅಲ್ಲಿನ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿಯಿತು. ಕುಸಿದಾಗ ವಿಗ್ರಹದ ಪೀಠವಾಗಿ ಹಾಸಿದ್ದ ಕಲ್ಲು ಬಯಲಿಗೆ ಬಂತು. ಅದರ ಮೇಲೆ ಅಶೋಕನ ಶಾಸನ! ವಿಗ್ರಹ ಕೂರಿಸಲಿಕ್ಕೆ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಅನ್ಯರ ಮತವನ್ನೂ ಗೌರವಿಸಬೇಕೆಂದು ಸಾರಿದ ಹನ್ನೆರಡನೆಯ ಶಾಸನ ಅದರಲ್ಲಿದೆ. ಪ್ರಜೆಗಳನ್ನೆಲ್ಲ ತನ್ನ ಮಕ್ಕಳಂತೆ ಕಾಣುವ ಶಾಸನವೂ ಅದರಲ್ಲಿದೆ. ಬುದ್ಧನ ದಾರಿ ಹಿಡಿದ ಅರಸನ ಮಾತು ಶತಮಾನಗಟ್ಟಲೆ ಪೂಜೆಯ ಅಡಿಯಲ್ಲಿ ಮುಖ ಕಾಣದೆ ಬಿದ್ದಿತ್ತು. ಮೇಲೆ ಆರತಿ, ಕೆಳಗೆ ಇತಿಹಾಸ. ಯಾರೂ ಅಗೆದು ತೆಗೆದದ್ದಲ್ಲ, ಮಾಳಿಗೆ ಬಿದ್ದಾಗ ತಾನೇ ಎದ್ದು ಬಂತು.

ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಉತ್ಖನನ ನಡೆಸಿ ದೊಡ್ಡ ಬೌದ್ಧ ಸ್ತೂಪವನ್ನು ಹೊರತೆಗೆಯಿತು. ಸ್ತೂಪದ ಸುತ್ತ ಸುಣ್ಣಕಲ್ಲಿನ ಚಪ್ಪಡಿಗಳು. ಅವುಗಳ ಮೇಲೆ ಬುದ್ಧನ ಬದುಕು, ಜಾತಕ ಕತೆಗಳು. ಒಂದು ಚಪ್ಪಡಿಯ ಮೇಲೆ ಅರಸನೊಬ್ಬನ ಚಿತ್ರ, ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಈ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ನೋಡುತ್ತ ಪ್ರದಕ್ಷಿಣೆ ಹಾಕಿದವರಿಗೆ ಕತೆ ಬಿಚ್ಚಿಕೊಳ್ಳುತ್ತಿತ್ತು. ಸಿನಿಮಾದಲ್ಲಿ ನಾವು ಕೂತಿರುತ್ತೇವೆ, ಚಿತ್ರ ಓಡುತ್ತದೆ. ಅಲ್ಲಿ ಚಿತ್ರ ನಿಂತಿರುತ್ತದೆ, ಜನ ನಡೆಯುತ್ತಾರೆ. ಇಷ್ಟೇ ವ್ಯತ್ಯಾಸ. ನಮ್ಮ ನೆಲದ ಸುಣ್ಣಕಲ್ಲು ಮನೆಗೆ ಹಾಸಾಗುವುದಕ್ಕಿಂತ ಬಹಳ ಮುಂಚೆ, ಸಿಮೆಂಟ್ ಆಗಿ ಚೀಲ ಸೇರುವುದಕ್ಕಿಂತ ಬಹಳ ಮುಂಚೆ, ಹೀಗೆ ಕತೆ ಹೇಳುತ್ತಿತ್ತು ಎಂಬುದನ್ನು ವಾಡಿ, ಸೇಡಂ, ಶಹಾಬಾದದ ಮಕ್ಕಳಿಗೆ ಯಾವ ಪಠ್ಯಪುಸ್ತಕ ಮನಮುಟ್ಟುವಂತೆ ಹೇಳಿದೆ?

ಸಿನಿಮಾಕ್ಕೆ ಮರಳೋಣ. ಬಾಕ್ಸ್‌ಟ್ರೋಲ್‌ಗಳಿಗೆ ಸ್ವಂತ ಹೆಸರಿಲ್ಲ. ಮೀನಿನ ಪೆಟ್ಟಿಗೆ ತೊಟ್ಟವನು ಫಿಶ್, ಚಪ್ಪಲಿಯ ಪೆಟ್ಟಿಗೆ ತೊಟ್ಟವನು ಶೂ. ಹುಟ್ಟಿದ ಜೀವಕ್ಕೆ ಸರಕಿನ ಚೀಟಿಯೇ ಹೆಸರು. ಹೆದರಿಕೆಯಾದರೆ ಕೈಕಾಲು ಒಳಗೆಳೆದುಕೊಂಡು ಪೆಟ್ಟಿಗೆಯೊಳಗೆ ಅಡಗುತ್ತವೆ. ರಾತ್ರಿ ಮಲಗುವಾಗ ಒಂದರ ಪಕ್ಕ ಒಂದು ಪೇರಿಸಿಕೊಂಡು ಮಲಗುತ್ತವೆ. ಪೆಟ್ಟಿಗೆಯೇ ಅವಕ್ಕೆ ಮನೆ, ಪೆಟ್ಟಿಗೆಯೇ ಸೆರೆ. ಜಾತಿಯೂ ಹೀಗೇ ಅಲ್ಲವೇ? ಊರವರು ಅಂಟಿಸಿದ ಚೀಟಿಯೊಳಗೇ ಒಂದಿಷ್ಟು ಬೆಚ್ಚಗೆ ಮುದುಡಿಕೊಳ್ಳುವುದು. ಒಡ್ಡುವ ಕೈಗಿಂತ ಒಳಗೆಳೆದುಕೊಳ್ಳುವ ಕೈ ಹೆಚ್ಚು ರೂಢಿಯಾಗಿಬಿಡುವುದು.

ನಮ್ಮ ನೆರೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಈ ಚೀಟಿಯನ್ನು ತಿರುಗಿಸಿ ಹಿಡಿದರು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ. ಅವಮಾನಕ್ಕೆಂದು ಅಂಟಿಸಿದ ಕಸುಬಿನ ಹೆಸರನ್ನೇ ಎದೆಯ ಮೇಲೆ ಹೊತ್ತು ಅನುಭವ ಮಂಟಪಕ್ಕೆ ನಡೆದರು. ಆದರೆ ಹರಳಯ್ಯನ ಮಗನಿಗೆ ಮಧುವರಸನ ಮಗಳು ಎಂದು ಪೆಟ್ಟಿಗೆಗಳನ್ನೇ ಒಡೆಯಹೊರಟಾಗ ಬಿಳಿ ಟೋಪಿಯವರು ಸುಮ್ಮನಿರಲಿಲ್ಲ. ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂಬುದು ಇಂದಿಗೂ ಜನರ ನೆನಪಿನಲ್ಲಿದೆ.

ಸಿನಿಮಾದ ಉತ್ತಮ ದೃಶ್ಯ ಇಲ್ಲೇ ಬರುತ್ತದೆ. ಸ್ನ್ಯಾಚರ್ ಹಿಡಿದ ಬಾಕ್ಸ್‌ಟ್ರೋಲ್‌ಗಳನ್ನು ಒಂದೇ ಸಲ ಕೊಂದಿರುವುದಿಲ್ಲ. ನೆಲಮಾಳಿಗೆಯಲ್ಲಿ ಜೀತಕ್ಕಿಟ್ಟು ಅವುಗಳಿಂದಲೇ ಒಂದು ದೈತ್ಯ ಯಂತ್ರ ಕಟ್ಟಿಸುತ್ತಾನೆ. ಅವುಗಳನ್ನು ಮುಗಿಸುವ ಯಂತ್ರಕ್ಕೆ ಅವುಗಳದ್ದೇ ಬೆವರು! ಕೆಲಸ ಮುಗಿದ ಮೇಲೆ ಪೆಟ್ಟಿಗೆಗಳನ್ನು ಅಚ್ಚಿನಡಿ ಇಟ್ಟು ಒತ್ತಿ ಅಪ್ಪಚ್ಚಿ ಮಾಡುತ್ತಾನೆ. ಎಗ್ಸ್ 'ಓಡಿರಿ, ಎದ್ದು ನಿಲ್ಲಿರಿ' ಎಂದು ಕೂಗುತ್ತಾನೆ, ಅವು ಅಡಗಿಕೊಳ್ಳುತ್ತವೆ. ಮುಗಿಯಿತು ಅಂದುಕೊಳ್ಳುತ್ತೇವೆ. ಆಮೇಲೆ ಗೊತ್ತಾಗುತ್ತದೆ, ಒತ್ತಿಹೋದದ್ದು ಬರಿ ಪೆಟ್ಟಿಗೆಗಳು. ಅವು ಪೆಟ್ಟಿಗೆ ಕಳಚಿ ಬರಿಮೈಯಲ್ಲಿ ಹೊರಬಿದ್ದಿದ್ದವು.

ಈ ಬರಿಮೈ ನೋಡಿದಾಗ ನನಗೆ ಹಾವೇರಿ ಜಿಲ್ಲೆಯ ಸವಣೂರು ನೆನಪಾಯಿತು. 2010ರ ಜುಲೈಯಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. 1993ರಲ್ಲಿ ಕೇಂದ್ರದ ಕಾಯ್ದೆ ಬಂದಿತ್ತು. ಸವಣೂರಿನ ಮೇಲೆ 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಾಗದದ ಮೇಲೆ ಕಾಗದ. ಊರು ತಾನು ಬಿಸಾಕಿದ್ದನ್ನು ರಾತ್ರಿ ಯಾರೋ ಒಯ್ಯುತ್ತಾರೆ ಎಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. ಒಯ್ಯುವವನು ಹಗಲು ಹೊತ್ತು ಬಂದು ಎದುರಿಗೆ ನಿಂತಾಗ ಮಾತ್ರ ಅದಕ್ಕೆ ವಾಸನೆ ಬಡಿಯುತ್ತದೆ.

ಈಗ ದುಡಿಮೆಯ ಮಾತು. ಗೊಂಬೆ ಸಿನಿಮಾದ ನಿಯಮ ಒಂದಿದೆ: ಗೊಂಬೆ ಕಾಣಬೇಕು, ಗೊಂಬೆ ಸರಿಸಿದ ಕೈ ಕಾಣಬಾರದು. ವಾರವಿಡೀ ದುಡಿದವನ ಕೆಲಸ ತೆರೆಯ ಮೇಲೆ ಕೆಲವು ಸೆಕೆಂಡು. ಅವನ ಕೈ ಮರೆಯಾದಷ್ಟೂ ಕೆಲಸ ಚೆನ್ನಾಗಿದೆ ಎಂದು ಅರ್ಥ. ನಮ್ಮ ಹಾಸುಗಲ್ಲಿಗೂ ಇದೇ ನಿಯಮ. ಪಾಲಿಶ್ ಆದ ಫರ್ಸಿಯಲ್ಲಿ ಮನೆಯ ಧಣಿಗೆ ತನ್ನ ಮುಖ ಕಾಣಬೇಕು, ಕಡಿದವನ ಬೆರಳ ಗುರುತು ಕಾಣಬಾರದು.

ಈ ಕಲೆಯ ವಂಶ ಹಳೆಯದು. ನಮ್ಮ ದೇಶದಲ್ಲಿ ದಾದಾಸಾಹೇಬ ಫಾಳ್ಕೆ 1915ರಲ್ಲೇ ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಸರಿಸಿ ಒಂದು ಚಿಕ್ಕ ಚಿತ್ರ ಮಾಡಿದರು. ಚೆಕೊಸ್ಲೊವಾಕಿಯಾದ ಯಿರ್ಝಿ ತ್ರ್ಙಕಾ 1965ರಲ್ಲಿ 'ಕೈ' ಎಂಬ ಗೊಂಬೆ ಚಿತ್ರ ಮಾಡಿದ. ಹೂವಿನ ಗಿಡಕ್ಕೆ ಕುಂಡ ಮಾಡಿಕೊಂಡು ತನ್ನ ಪಾಡಿಗಿದ್ದ ಬಡಪಾಯಿಯ ಮನೆಗೆ ದೊಡ್ಡದೊಂದು ಕೈ ನುಗ್ಗಿ, ನನ್ನ ಪ್ರತಿಮೆಯನ್ನೇ ಮಾಡು ಎಂದು ಪೀಡಿಸಿ, ಪಂಜರಕ್ಕೆ ಹಾಕಿ, ಅವನು ಸತ್ತ ಮೇಲೆ ಗೌರವದ ಶವಸಂಸ್ಕಾರ ಮಾಡುವ ಕತೆ. ತ್ರ್ಙಕಾ ತೀರಿಕೊಂಡ ಮೇಲೆ ಅಲ್ಲಿನ ಪ್ರಭುತ್ವ ಆ ಚಿತ್ರವನ್ನು ನಿಷೇಧಿಸಿತು. ಗೊಂಬೆ ಮಕ್ಕಳಾಟ ಅನ್ನುವ ಪಂಡಿತರಿಗಿಂತ ಆ ಪ್ರಭುತ್ವಕ್ಕೇ ಗೊಂಬೆಯ ಬೆಲೆ ಚೆನ್ನಾಗಿ ಗೊತ್ತಿತ್ತು!

ಆದರೆ ಇವರೆಲ್ಲರಿಗಿಂತ ಮುಂಚಿನವರು ನಮ್ಮ ಶಿಳ್ಳೇಕ್ಯಾತರು. ತೊಗಲು ಹದಮಾಡಿ, ತೆಳ್ಳಗೆ ಕೆರೆದು, ಬಣ್ಣ ಹಚ್ಚಿ, ಪರದೆಯ ಹಿಂದೆ ದೀಪ ಇಟ್ಟು ರಾಮಾಯಣ, ಮಹಾಭಾರತ ಕುಣಿಸಿದವರು. ಅದೂ ಮನೆಮಂದಿಯ ಕಲೆಯೇ. ಗಂಡ ಆಡಿಸಿದರೆ ಹೆಂಡತಿ ದನಿಗೂಡಿಸಬೇಕು, ಮಕ್ಕಳು ಗೊಂಬೆ ಎತ್ತಿಕೊಡಬೇಕು. ಸತ್ತ ಪಶುವಿನ ತೊಗಲು ಮುಟ್ಟಿದವನನ್ನು ದೂರ ನಿಲ್ಲಿಸಿದ ಊರು, ಅದೇ ತೊಗಲು ರಾಮನಾಗಿ ಪರದೆಯ ಮೇಲೆ ಬಂದಾಗ ಕೈಮುಗಿಯಿತು. ತೊಗಲಿಗೆ ಸಿಕ್ಕ ಗೌರವ ತೊಗಲು ಹದಮಾಡಿದ ಕೈಗೆ ಸಿಗಲಿಲ್ಲ. ಆ ಆಟದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಇಬ್ಬರು ಬರುತ್ತಾರೆ. ಅರಸರು, ದೇವರು ಗ್ರಾಂಥಿಕ ಆಡಿದರೆ ಇವರದ್ದು ಕೇರಿಯ ಮಾತು. ದೊಡ್ಡವರ ಗುಟ್ಟನ್ನು ನಗೆಯಲ್ಲಿ ಬಯಲು ಮಾಡುವ ಕರಿಯ ಮೈಯ ಈ ಗೊಂಬೆಯ ಹೆಸರೇ ಇಡೀ ಸಮುದಾಯದ ಹೆಸರಾಯಿತು. ಇಲ್ಲೂ ನೋಡಿ, ಪೆಟ್ಟಿಗೆಯ ಹೆಸರೇ ಹೆಸರು.

ನಮ್ಮ ಹಾಗೆಯೇ ನಿಜಾಮನ ಆಳ್ವಿಕೆಯಲ್ಲಿದ್ದು 1956ರಲ್ಲಿ ಕನ್ನಡ ನಾಡಿಗೆ ಸೇರಿದ ಕೊಪ್ಪಳ ಸೀಮೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ಹಿರಿಯ ಜೀವಕ್ಕೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ತೊಂಬತ್ತು ದಾಟಿದ ಮೇಲೆ! ಪರದೆಯ ಹಿಂದಿನ ಕೈಯನ್ನು ದೆಹಲಿ ನೋಡಲಿಕ್ಕೆ ಅಷ್ಟು ಕಾಲ ಬೇಕಾಯಿತು. ತಡವಾದರೂ ನೋಡಿತಲ್ಲ ಎಂದು ಸಂತೋಷಪಡೋಣ. ಆದರೆ ಪರದೆಯ ಹಿಂದೆಯೇ ಕಣ್ಮುಚ್ಚಿದವರನ್ನು ಮರೆಯುವುದು ಬೇಡ.

'ಬಾಕ್ಸ್‌ಟ್ರೋಲ್ಸ್' ಈ ನಿಯಮವನ್ನು ಕೊನೆಯಲ್ಲಿ ಮುರಿಯುತ್ತದೆ. ನಾನು ಈ ಸಿನಿಮಾವನ್ನು ಮೆಚ್ಚಲು ಅದು ದೊಡ್ಡ ಕಾರಣ. ಸ್ನ್ಯಾಚರನ ಕೈಕೆಳಗಿದ್ದ ಟ್ರೌಟ್ ಮತ್ತು ಪಿಕಲ್ಸ್ ಎಂಬ ಇಬ್ಬರು ಆಳುಗಳು ಸಿನಿಮಾದುದ್ದಕ್ಕೂ 'ನಾವು ಒಳ್ಳೆಯವರ ಕಡೆ ಇದ್ದೇವೋ ಕೆಟ್ಟವರ ಕಡೆಯೋ' ಎಂದು ಗೊಂದಲಪಡುತ್ತಾರೆ. ಚಿತ್ರ ಮುಗಿದು ಹೆಸರುಗಳು ಬರುವ ಹೊತ್ತಿಗೆ ಬೀದಿ ಗುಡಿಸುತ್ತ ನಿಂತು, ನಮ್ಮನ್ನು ಯಾರೋ ದೊಡ್ಡವರು ಮೇಲಿನಿಂದ ಆಡಿಸುತ್ತಿರಬಹುದೇ ಎಂದು ಮಾತಾಡಿಕೊಳ್ಳುತ್ತಾರೆ. ಆಗ ಕ್ಯಾಮರಾ ಹಿಂದೆ ಸರಿಯುತ್ತದೆ. ಮನುಷ್ಯನೊಬ್ಬ ಆ ಗೊಂಬೆಗಳನ್ನು ಇಷ್ಟಿಷ್ಟೇ ಸರಿಸುತ್ತಿರುವುದು ಕಾಣುತ್ತದೆ. ಬರುತ್ತಾನೆ, ಮುಟ್ಟುತ್ತಾನೆ, ಸರಿಯುತ್ತಾನೆ, ಮತ್ತೆ ಬರುತ್ತಾನೆ. ಅಷ್ಟು ಹೊತ್ತು ನಾವು ಮಾಯೆ ಅಂದುಕೊಂಡದ್ದು ಮೈಮುರಿದ ಕೂಲಿ ಎಂದು ಅದೊಂದು ನೋಟ ಹೇಳಿಬಿಡುತ್ತದೆ.

ಹಾಗೆಂದು ಈ ಸಿನಿಮಾವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಕಾಗಿಲ್ಲ. ನನ್ನ ತಕರಾರು ಮೂರು. ಒಂದು, ಇಲ್ಲಿನ ಬಿಡುಗಡೆಯ ನಾಯಕ ಬಾಕ್ಸ್‌ಟ್ರೋಲ್ ಅಲ್ಲ, ಅವುಗಳ ನಡುವೆ ಬೆಳೆದ ಮೇಲಿನ ಊರಿನ ಹುಡುಗ. ಬಾಕ್ಸ್‌ಟ್ರೋಲ್‌ಗಳ ಮಾತು ನಮಗೆ ಅರ್ಥವಾಗದ ಗೊಣಗಾಟ. ಅವುಗಳ ಪರವಾಗಿ ಇನ್ನೊಬ್ಬನೇ ಮಾತಾಡಬೇಕು. ಉದ್ಧಾರಕರು ಬಂದು ನಮ್ಮ ಪರವಾಗಿ ಮಾತಾಡಿದ್ದು ಸಾಕು. ಎರಡು, ಸಾಯುವವನು ಕೆಂಪು ಟೋಪಿಯವನು. ಆಸ್ಪತ್ರೆಯ ಹಣ ತಿಂದ ಬಿಳಿ ಟೋಪಿಯ ಯಜಮಾನ ಬರಿ ಪೆದ್ದನಾಗಿ, ನಗೆಪಾಟಲಾಗಿ ಪಾರಾಗುತ್ತಾನೆ. ಕೇರಿಗೆ ಬೆಂಕಿ ಇಟ್ಟವನು ಜೈಲಿಗೆ, ಇಡಿಸಿದವನು ಶಾಂತಿಸಭೆಯ ಅಧ್ಯಕ್ಷತೆಗೆ! ಮೂರು, ಗಂಡಸು ಹೆಂಗಸಿನ ವೇಷ ಹಾಕುವುದನ್ನೇ ಮೋಸದ ಗುರುತಾಗಿಸಿ ನಗಿಸಿರುವುದು. ಜೋಗಪ್ಪಗಳನ್ನು ಕಂಡ ನಮ್ಮ ಸೀಮೆಯವರಿಗೆ ಆ ನಗೆಯ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಗೊತ್ತಿದೆ.

ಮೊದಲನೆಯ ತಕರಾರಿಗೆ ಉತ್ತರ ಇನ್ನೊಂದು ಗೊಂಬೆ ಚಿತ್ರದಲ್ಲಿದೆ. 2000ದಲ್ಲಿ ಇಂಗ್ಲೆಂಡಿನ ಆರ್ಡ್‌ಮನ್ ಸ್ಟುಡಿಯೋ ಮಾಡಿದ 'ಚಿಕನ್ ರನ್'. ಪೀಟರ್ ಲಾರ್ಡ್ ಮತ್ತು ನಿಕ್ ಪಾರ್ಕ್ ನಿರ್ದೇಶಕರು. ಮುಳ್ಳುತಂತಿಯ ಬೇಲಿಯೊಳಗಿನ ಕೋಳಿಗಳು. ಮೊಟ್ಟೆ ಇಡದ ಕೋಳಿಗೆ ಕೊಡಲಿ. ಜಿಂಜರ್ ಎಂಬ ಹ್ಯಾಟೆ ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ನೋಡುತ್ತಾಳೆ. ಒಬ್ಬಳೇ ಹೋಗುವ ಹಾಗಿದ್ದರೆ ಎಂದೋ ಹೋಗಬಹುದಿತ್ತು, ಎಲ್ಲರನ್ನೂ ಕರೆದೊಯ್ಯಬೇಕು ಎಂಬುದು ಅವಳ ಹಟ. ಹಾರುವುದು ಕಲಿಸುತ್ತೇನೆ ಎಂದು ಹುಂಜವೊಂದು ಹೊರಗಿನಿಂದ ಬರುತ್ತದೆ. ಎಲ್ಲರೂ ಅದನ್ನು ನಂಬುತ್ತಾರೆ. ಆಮೇಲೆ ಅದು ಸರ್ಕಸ್ಸಿನ ತೋಪಿನಿಂದ ಹಾರಿದ್ದೆಂದೂ, ಅದಕ್ಕೆ ಹಾರಲು ಬರುವುದಿಲ್ಲವೆಂದೂ ಬಯಲಾಗುತ್ತದೆ. ಆಗ ಕೋಳಿಗಳು ತಮ್ಮ ಗೂಡುಗಳ ಹಲಗೆ ಕಿತ್ತು ತಾವೇ ಒಂದು ವಿಮಾನ ಕಟ್ಟುತ್ತವೆ. ತಾವೇ ತುಳಿದು ಹಾರಿಸುತ್ತವೆ. ಭರವಸೆ ಕೊಟ್ಟು ಹೋದ ಹುಂಜಗಳನ್ನು ಐದು ವರ್ಷಕ್ಕೊಮ್ಮೆ ಕಾಣುವ ನಮಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಸೆರೆಮನೆಯ ಹಲಗೆಯಿಂದಲೇ ರೆಕ್ಕೆ ಮಾಡಿಕೊಳ್ಳಬೇಕು ಎಂಬ ಮಾತನ್ನು ನಮ್ಮ ಸಂಘಟನೆಯ ಎಷ್ಟೋ ಭಾಷಣಗಳಿಗಿಂತ ಈ ಕೋಳಿಗಳು ಚೆನ್ನಾಗಿ ಹೇಳಿವೆ.

1871ರಲ್ಲಿ ರಾಯಚೂರಿನ ಕಡೆಗಿನ ರೈಲು ನಮ್ಮ ಊರಿನ ಮೇಲೆ ಹಾದುಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹೊರಟಿತು. 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. ಮಳಖೇಡ, ಸೇಡಂಗಳಲ್ಲಿ ಬೇರೆ ಬೇರೆ ಚಿಮಣಿಗಳು ಎದ್ದವು. ಜಿಲ್ಲೆಯ ಚರಿತ್ರೆಯಲ್ಲಿ ಇವೆಲ್ಲ ದಾಖಲಾಗಿವೆ, ಧಣಿಗಳ ಹೆಸರು ಸಮೇತ. ಕಲ್ಲು ಕಡಿದವರ, ಗೂಡ್ಸ್ ಬಂಡಿಗೆ ತುಂಬಿದವರ, ದೂಳು ಕುಡಿದು ಕೆಮ್ಮಿದವರ ಚರಿತ್ರೆ ದಾಖಲಾಗಿಲ್ಲ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಈಗ ನೀರು ನಿಂತಿದೆ. ಆ ನೀರಿನ ಅಡಿಯಲ್ಲಿ ಒಂದು ಊರಿಗಾಗುವಷ್ಟು ಮಂದಿಯ ಆಯುಷ್ಯ ಮುಳುಗಿದೆ.

ಓಣಿಯ ಮಕ್ಕಳು ಹೇಗೂ ಮೊಬೈಲು ಹಿಡಿದು ಕೂತಿರುತ್ತವೆ. ಬೈಯುವುದರ ಬದಲು ಈ ಎರಡು ಗೊಂಬೆ ಚಿತ್ರಗಳನ್ನು ಹಚ್ಚಿಕೊಡಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಭಾಷೆ ತಿಳಿಯದಿದ್ದರೆ ನಡುನಡುವೆ ನಮ್ಮ ಮಾತಿನಲ್ಲಿ ಹೇಳುತ್ತ ಹೋಗಿ. ಹಿಂದೆ ಶಿಳ್ಳೇಕ್ಯಾತರ ಆಟ ನೋಡುವಾಗ ಅಜ್ಜಿಯರು ಮಾಡುತ್ತಿದ್ದದ್ದೂ ಅದನ್ನೇ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: 'ತಮ್ಮಾ, ನಾವು ಕೂತಿದ್ದ ಈ ಫರ್ಸಿ ಎಲ್ಲಿಂದ ಬಂತು, ಯಾರು ತಂದ್ರು?' ಅದಕ್ಕೆ ಅಜ್ಜ, ಅಪ್ಪ, ಅವ್ವ ಕೊಡುವ ಉತ್ತರವನ್ನು ಹೆಸರು ಸಮೇತ ಒಂದು ನೋಟುಬುಕ್ಕಿನಲ್ಲಿ ಬರೆಸಿಡಿ. ಮಾಳಿಗೆ ಬೀಳುವ ತನಕ ಕಾಯುತ್ತ ಕೂರುವುದು ಬೇಡ.